ಗುಂಡಿಗೆ ಗಿರಾಕಿ ಯಾರು?

ಪೇಪರಿನಲ್ಲಿ ಒಂದು ಸಾಲು ಮೇಲಿಂದ ಮೇಲೆ ಕಣ್ಣಿಗೆ ಬೀಳ್ತದೆ: ಆರೋಪಿಯಿಂದ ಒಂದು ನಾಡ ಪಿಸ್ತೂಲು ಮತ್ತು ಮೂರು ಜೀವಂತ ಗುಂಡು ವಶ. ಜೀವಂತ ಗುಂಡು ಅಂತ! ಯಾವ ಕಾಲದಾಗೋ ಒಬ್ಬ ಉಪಸಂಪಾದಕರು ಇಂಗ್ಲಿಷಿನ ಲೈವ್ ಅನ್ನೋದನ್ನ ಅವಸರದಲ್ಲಿ ಕನ್ನಡಕ್ಕೆ ಎತ್ತಿ ಇಟ್ಟಿರಬೇಕು, ಅದು ಅಲ್ಲೇ ಬೇರು ಬಿಟ್ಟಿತು. ಕೊಲ್ಲೋದೇ ಕೆಲಸವಾದ ವಸ್ತುವಿಗೆ ಜೀವ ಕೊಟ್ಟೆವು. ಕೆಲಸ ಮುಗಿಸಿ ನೆಲಕ್ಕೆ ಬಿದ್ದ ಮೇಲೆ ಅದನ್ನ ಖಾಲಿ ಅಂತೀವಿ. ನಡುವೆ ಯಾರದೋ ಜೀವ ಹೋಗಿರ್ತದೆ, ಅದರ ಲೆಕ್ಕ ಈ ಎರಡು ಶಬ್ದಗಳಲ್ಲಿ ಎಲ್ಲೂ ಬರೋದಿಲ್ಲ.

ನನಗೆ ಈ ಗುಂಡಿನ ಉಸಾಬರಿ ಬಂದದ್ದು ನೌಕರಿಯಿಂದ. ಪೊಲೀಸರು ಪರದೆಯ ಮುಂದೆ ನಿಂತು ಗುರಿ ಅಭ್ಯಾಸ ಮಾಡುವ ಒಂದು ಸಿಮ್ಯುಲೇಟರ್ ನಮ್ಮ ಆಫೀಸಿಗೆ ಕೆಲಸವಾಗಿ ಬಂತು. ನಿಜವಾದ ಮದ್ದಿಲ್ಲ, ಲೇಸರ್ ಅಷ್ಟೆ. ಆದರೆ ಪರದೆಯ ಮೇಲೆ ಗುಂಡು ಗುಂಡಿನ ಹಂಗೇ ನಡೀಬೇಕಲ್ಲ, ಅದಕ್ಕೆ ಒಂದು ಟೇಬಲ್ ಬೇಕು: ಯಾವ ಕಾಡತೂಸು, ಎಷ್ಟು ತೂಕ, ಎಷ್ಟು ವೇಗ, ಬಡಿದ ಮೇಲೆ ಏನಾಗ್ತದೆ. ಆ ಟೇಬಲ್ ತುಂಬೋ ಕೆಲಸ ನನ್ನ ಪಾಲಿಗೆ ಬಂತು. ನಾನು ನವಲಗುಂದ ತಾಲೂಕಿನ ಎರೆಹೊಲದ ಹುಡುಗ. ನಮ್ಮ ಕಡೆ ಗುಂಡು ಅಂದ್ರೆ ಹಿರಿಯರಿಗೆ ನೆನಪಾಗೋದು ಒಂದೇ, 1980ರ ಜುಲೈ 21: ಮಲಪ್ರಭಾ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ನವಲಗುಂದ, ನರಗುಂದಗಳಲ್ಲಿ ಹಾರಿದ ಗುಂಡು. ಅದರ ಅಳತೆ ಎಷ್ಟು, ಮೂಗು ಹೆಂಗಿತ್ತು ಅಂತ ಊರಾಗ ಯಾರೂ ಕೇಳಿದ್ದನ್ನ ನಾನು ಕೇಳಿಲ್ಲ. ಯಾರಿಗೆ ಬಡೀತು ಅನ್ನೋದು ಮಾತ್ರ ಎಲ್ಲರಿಗೂ ಗೊತ್ತು. ರಾಯಾಪುರದ ಬಾಡಿಗೆ ಮನೆಯಲ್ಲಿ ಕೂತು ನಾನು ಓದಲಿಕ್ಕೆ ಹತ್ತಿದ್ದು ಸರಿಯಾಗಿ ಇದರ ಉಲ್ಟಾ: ಅಳತೆ, ತೂಕ, ವೇಗ ಎಲ್ಲಾ ಇದೆ, ಯಾರಿಗೆ ಅನ್ನೋದೊಂದು ಇಲ್ಲ.

ಮೊದಲು ಶಬ್ದ ಸರಿ ಮಾಡಿಕೊಳ್ಳೋಣ. ನಾವು ಇಡೀ ವಸ್ತುವಿಗೇ ಗುಂಡು ಅಂತೀವಿ. ಇಡಿಯಾದದ್ದು ಕಾಡತೂಸು, ಪೊಲೀಸರ ಬಾಯಲ್ಲಿ ರೌಂಡ್. ಅದರಲ್ಲಿ ನಾಲ್ಕು ಭಾಗ. ಹೊರಗೆ ಹಿತ್ತಾಳೆ ಕೊಳವೆ. ಅದರ ತಳದ ನಡುವೆ ಕುಂಕುಮದ ಬೊಟ್ಟಿನಷ್ಟು ಒಂದು ಪುಟ್ಟ ಬಟ್ಟಲು, ಅದು ಪ್ರೈಮರ್. ದೀಪಾವಳಿಗೆ ಹುಡುಗರು ಕಲ್ಲಿನಿಂದ ಕುಟ್ಟಿ ಚಟ್ ಅನ್ನಿಸ್ತಾರಲ್ಲ, ಆ ಟಿಕಳಿಯ ಜಾತಿಯದು. ಕೊಳವೆಯೊಳಗೆ ಮದ್ದು. ಕೊಳವೆಯ ಬಾಯಿಗೆ ಬಿರಡೆ ಹಾಕಿದಂಗೆ ಕೂತದ್ದೇ ನಿಜವಾದ ಗುಂಡು. ಪಿಸ್ತೂಲಿನೊಳಗಿನ ಮೊಳೆ ಪ್ರೈಮರಿಗೆ ಬಡೀತದೆ, ಕಿಡಿ ಮದ್ದಿಗೆ ಹತ್ತತದೆ. ಮದ್ದು ಬಾಂಬಿನಂಗೆ ಸಿಡಿಯೋದಿಲ್ಲ, ಭಾಳ ಬೇಗ ಉರೀತದೆ ಅಷ್ಟೆ. ಉರಿದು ಹುಟ್ಟಿದ ಗಾಳಿಗೆ ಹೊರಗೆ ಹೋಗಲಿಕ್ಕೆ ಇರೋದು ಒಂದೇ ಬಾಗಿಲು, ಆ ಬಾಗಿಲಲ್ಲಿ ಗುಂಡು ಕೂತಿದೆ.

ಹೆಸರುಗಳ ಗೋಜಲು ನೋಡಿದಾಗ ನನಗೆ ನಮ್ಮ ಹಳೇ ಕೋಡ್ ನೆನಪಾಯಿತು. ಯಾರೋ ಪುಣ್ಯಾತ್ಮ ಒಂದು ದಿನದ ಮಟ್ಟಿಗೆ ಅಂತ ಟೆಂಪ್ ಅಂತ ಹೆಸರಿಟ್ಟಿರ್ತಾನೆ, ಹತ್ತು ವರ್ಷ ಅದೇ ಉಳೀತದೆ. ಪಾಯಿಂಟ್ 38 ಅನ್ನೋ ರಿವಾಲ್ವರ್ ಗುಂಡಿನ ನಿಜವಾದ ಅಡ್ಡಳತೆ .357 ಇಂಚು. ಮೊದಲು ಕೊಳವೆಯ ಹೊರಗಿನ ಅಳತೆಯಿಂದ ಕರೀತಿದ್ದರು, ಗುಂಡು ಬದಲಾಯಿತು, ಹೆಸರು ಉಳೀತು. 9 ಎಂಎಂ ಅಂದ್ರೂ ಒಂದೇ ಅಲ್ಲ. ಇವತ್ತಿನ ಪೊಲೀಸರ, ಸೈನ್ಯದ 9 ಎಂಎಂ ಕಾಡತೂಸಿನ ಕೊಳವೆ 19 ಮಿಲಿಮೀಟರ್ ಉದ್ದ. 17 ಮಿಲಿಮೀಟರಿನ ಇನ್ನೊಂದಿದೆ, ಗಿಡ್ಡ 9. 1948ರ ಜನವರಿ 30ರಂದು ಗಾಂಧೀಜಿಯ ಎದೆಗೆ ಬಿದ್ದ ಮೂರು ಗುಂಡು ಈ ಗಿಡ್ಡ ಜಾತಿಯವು, ಇಟಲಿಯ ಬೆರೆಟಾ ಪಿಸ್ತೂಲಿನವು. ಇನ್ನು ನಮ್ಮ ಪೇಪರುಗಳಲ್ಲಿ ಪದೇ ಪದೇ ಬರುವ 7.65 ಎಂಎಂ ಮತ್ತು ಲೈಸನ್ಸಿನ ಭಾಷೆಯ ಪಾಯಿಂಟ್ 32 ಪಿಸ್ತೂಲು, ಎರಡೂ ಒಂದೇ ಕಾಡತೂಸಿನ ಎರಡು ಹೆಸರು. 7.65 ಅನ್ನೋದು ನಳಿಕೆಯ ಒಳಗಿನ ಅಳತೆ. ಗುಂಡು ಅದಕ್ಕಿಂತ ಕೂದಲೆಳೆಯಷ್ಟು ದಪ್ಪ. ತುಸು ದಪ್ಪ ಇರೋದಕ್ಕೇ ಅದು ನಳಿಕೆಯನ್ನ ಉಜ್ಜಿಕೊಂಡು, ಮೈಮೇಲೆ ಗೀರು ಬರೆಸಿಕೊಂಡು ಹೊರಗೆ ಬರ್ತದೆ. ಈ ಗೀರುಗಳ ಸುದ್ದಿಗೆ ಆಮೇಲೆ ಬರ್ತೀನಿ.

ಪಾಯಿಂಟ್ 32ರ ಗುಂಡು ಸುಮಾರು ನಾಲ್ಕೂವರೆ ಗ್ರಾಂ. ವೇಗ ಸೆಕೆಂಡಿಗೆ 275 ಮೀಟರಿನ ಆಸುಪಾಸು. ಗುಣಿಸಿ ಭಾಗಿಸಿದರೆ ಹತ್ತಿರ ಹತ್ತಿರ 175 ಜೂಲ್ ಶಕ್ತಿ. ಒಂದೂವರೆ ಕಿಲೋದ ತೆಂಗಿನಕಾಯಿ ನಲವತ್ತು ಅಡಿ ಮರದ ಮೇಲಿಂದ ಬಿದ್ದರೆ ನೆಲ ಮುಟ್ಟುವಾಗ ಇರೋದೂ ಹೆಚ್ಚುಕಡಿಮೆ ಅಷ್ಟೇ. ಫರಕು ಏನಂದ್ರೆ ತೆಂಗಿನಕಾಯಿ ತನ್ನ ಶಕ್ತಿಯನ್ನ ಅಂಗೈಯಗಲಕ್ಕೆ ಹಂಚತದೆ, ಗುಂಡು ಕಿರುಬೆರಳ ಉಗುರಿನಗಲಕ್ಕೆ. 9 ಎಂಎಂನ ದೊಡ್ಡಣ್ಣ ಇದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಹಿಂಗಾಗಿ ಗುಂಡಿನ ಬಗ್ಗೆ ಬರೆಯೋವರೆಲ್ಲ ಪಾಯಿಂಟ್ 32ನ್ನ ಬಡಪಾಯಿ ಅಂತ ಬದಿಗೆ ಸರಿಸ್ತಾರೆ. ಬಡಪಾಯಿ! ಕೋಷ್ಟಕದಾಗ ಹೌದು.

ಇಲ್ಲಿವರೆಗೆ ಬರೀ ಭೌತಶಾಸ್ತ್ರ, ಪಿಯುಸಿ ಹುಡುಗರೂ ಮಾಡಬಹುದು. ನಾನು ತಡವರಿಸಿದ್ದು ಗುಂಡಿನ ಮೂಗಿನ ಹತ್ತಿರ ಬಂದಾಗ. ಮೂಗಿನ ಲೆಕ್ಕದಲ್ಲಿ ಗುಂಡುಗಳಲ್ಲಿ ಜಾತಿ ಭಾಳ ಇದ್ದರೂ ಮುಖ್ಯವಾದವು ಮೂರು. ಬರೀ ಸೀಸದ್ದು, ಹಳೇದು. ಸೀಸಕ್ಕೆ ಪೂರ್ತಿ ತಾಮ್ರದ ಅಂಗಿ ತೊಡಿಸಿದ್ದು, ಇದು ಬಡಿದ ಮೇಲೂ ಆಕಾರ ಕೆಡದೆ ಈ ಕಡೆ ಹೊಕ್ಕು ಆ ಕಡೆ ಹೊರಬೀಳಬಹುದು. ಮೂರನೇದು ಮೂಗಿನಲ್ಲಿ ಕುಳಿ ಇರೋದು. ಮೈಯೊಳಗಿನ ಹಸಿ ಆ ಕುಳಿಗೆ ನುಗ್ಗಿದಾಗ ತುದಿ ಹಿಂದಕ್ಕೆ ಮಡಚಿಕೊಳ್ತದೆ, ಹತ್ತಿಕಾಯಿ ಬಿರಿದಂಗೆ ಅರಳ್ತದೆ. ಅರಳಿದ್ದು ಒಳಗೇ ನಿಲ್ತದೆ, ದೊಡ್ಡ ಗಾಯ ಮಾಡ್ತದೆ. ಹತ್ತಿ ಬಿಡಿಸಿ ಬೆಳೆದವನಿಗೆ ಈ ಹೋಲಿಕೆ ಬ್ಯಾಡಾಗಿತ್ತು, ಆದ್ರೆ ಅರಳಿದ ಗುಂಡಿನ ಫೋಟೋ ನೋಡಿದರೆ ಬೇರೆ ಯಾವುದೂ ನೆನಪಾಗೋದಿಲ್ಲ.

ಈ ಅರಳುವ ಗುಂಡಿನ ಒಂದು ಊರು ನಮ್ಮ ದೇಶದ್ದೇ. ಕೋಲ್ಕತ್ತಾ ಪಕ್ಕದ ಡಮ್‌ಡಮ್. ಇವತ್ತು ಆ ಹೆಸರು ವಿಮಾನ ನಿಲ್ದಾಣದಿಂದ ಗೊತ್ತು. 1890ರ ದಶಕದಲ್ಲಿ ಅಲ್ಲಿನ ಬ್ರಿಟಿಷ್ ಮದ್ದುಗುಂಡು ಕಾರ್ಖಾನೆಯಲ್ಲಿ ಬರ್ಟಿ ಕ್ಲೇ ಎಂಬ ಕ್ಯಾಪ್ಟನ್ ರೈಫಲ್ ಗುಂಡಿನ ತಾಮ್ರದ ಅಂಗಿಯನ್ನ ತುದಿಯಲ್ಲಿ ಬಿಚ್ಚಿ ಸೀಸ ಹೊರಗೆ ಕಾಣುವಂತೆ ಮಾಡಿದ. ವಾಯವ್ಯ ಗಡಿಯ ಪಠಾಣರ ಮೇಲೆ ಅದರ ಪ್ರಯೋಗವಾಯಿತು. 1899ರಲ್ಲಿ ಹೇಗ್ ನಗರದಲ್ಲಿ ದೇಶದೇಶಗಳು ಕೂತು, ಯುದ್ಧದಲ್ಲಿ ಹಿಂಗೆ ಮೈಯೊಳಗೆ ಅರಳೋ ಗುಂಡು ಬಳಸಬಾರದು ಅಂತ ಘೋಷಣೆ ಮಾಡಿದವು. ಬ್ರಿಟನ್ ಆಗ ಒಪ್ಪಲಿಲ್ಲ, ಒಪ್ಪಿದ್ದು 1907ರಲ್ಲಿ. ಒಪ್ಪದಿರಲಿಕ್ಕೆ ಅವರ ಪ್ರತಿನಿಧಿ ಜನರಲ್ ಆರ್ಡಾ ಕೊಟ್ಟ ಕಾರಣ ದಾಖಲೆಯಲ್ಲಿದೆ. ಅದರ ತಾತ್ಪರ್ಯ ಇಷ್ಟು: ನಾಗರಿಕ ದೇಶದ ಸಿಪಾಯಿ ಸಣ್ಣ ಗುಂಡು ತಗಲಿದರೂ ತನಗೆ ಗಾಯವಾಯಿತು ಅಂತ ತಿಳಿದು ಸುಮ್ಮನೆ ಸ್ಟ್ರೆಚರ್ ಮೇಲೆ ಮಲಗ್ತಾನೆ, ಅನಾಗರಿಕ ಹಂಗಲ್ಲ, ಗುಂಡು ಹೊಕ್ಕು ಹೊರಬಿದ್ದರೂ ಕತ್ತಿ ಹಿಡಿದು ಮೈಮೇಲೆ ಬರ್ತಾನೆ, ಆದ್ದರಿಂದ ಅವನಿಗೆ ಬೇರೆ ಗುಂಡು ಬೇಕು.

ಈ ಮಾತು ಓದಿದ ದಿನ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಅಡ್ಡಾಡಿ ಬಂದೆ. ಸಿಟ್ಟು ಬಂತು ಅಂತಲ್ಲ, ಸಾಮ್ರಾಜ್ಯದವರು ಹಂಗ ಮಾತಾಡೋದು ಹೊಸದೇನೂ ಅಲ್ಲ. ಗಾಬರಿಯಾದದ್ದು ಅದರ ಧಾಟಿ ನನಗೆ ಗುರುತಿನದು ಅನ್ನಿಸಿದ್ದಕ್ಕೆ. ಅದು ರಿಕ್ವೈರ್‌ಮೆಂಟ್ ಡಾಕ್ಯುಮೆಂಟಿನ ಧಾಟಿ. ಬಳಕೆದಾರ ಯಾರು, ಅವನ ಸ್ವಭಾವವೇನು, ಅವನು ಎಲ್ಲಿ ನಿಲ್ತಾನೆ, ಎಲ್ಲಿ ನಿಲ್ಲೋದಿಲ್ಲ, ಅದಕ್ಕೆ ತಕ್ಕಂಗೆ ವಸ್ತು ಮಾಡ್ರಿ. ನಮ್ಮ ರಾಯಾಪುರದ ಅಕ್ಷಯಪಾತ್ರೆಯ ಅಡಿಗೆಮನೆಯಲ್ಲಿ ಸಾವಿರಾರು ಮಕ್ಕಳಿಗೆ ಸಾರು ಮಾಡುವವರು ಖಾರ ಎಷ್ಟು ಅಂತ ನಿರ್ಧರಿಸುವಾಗ ಒಂದು ಮಗುವಿನ ನಾಲಗೆಯನ್ನ ಮನಸ್ಸಿನಾಗ ಇಟ್ಟುಕೊಳ್ಳಲೇಬೇಕು. ಗುಂಡಿನ ಮೂಗು ಎಷ್ಟು ಮೆತ್ತಗಿರಬೇಕು ಅಂತ ನಿರ್ಧರಿಸುವವನೂ ಹಂಗೇ ಒಂದು ಮೈಯನ್ನ ಮನಸ್ಸಿನಾಗ ಇಟ್ಟುಕೊಂಡಿರ್ತಾನೆ. ದುಡ್ಡು ಕೊಟ್ಟು ಕೊಳ್ಳೋ ಗಿರಾಕಿ ಬಂದೂಕು ಹಿಡಿದವ, ಖರೆ. ಆದ್ರೆ ಗುಂಡಿನ ಒಂದೊಂದು ಗುಣವನ್ನೂ ತೂಗಿ ನೋಡಿ ಮಾಡಿರೋದು ಎದುರಿಗೆ ನಿಂತವನಿಗಾಗಿ. ಅವನೇ ಅದರ ನಿಜವಾದ ಬಳಕೆದಾರ. ಅವನನ್ನ ಯಾರೂ ಏನೂ ಕೇಳಿರೋದಿಲ್ಲ.

ನಮ್ಮ ದೇಶದಲ್ಲಿ ಸರ್ಕಾರಿ ಕಾರ್ಖಾನೆಯೊಂದು 2014ರಲ್ಲಿ ನಿರ್ಭೀಕ್ ಎಂಬ ಪಾಯಿಂಟ್ 32 ರಿವಾಲ್ವರ್ ತಂತು. ಹೆಂಗಸರ ಕೈಗೆ ಭಾರವಾಗಬಾರದು ಅಂತ ತೂಕ ಸುಮಾರು ಅರ್ಧ ಕಿಲೋಕ್ಕೆ ಇಳಿಸಿ, ದೆಹಲಿಯ ಆ ಹುಡುಗಿಯ ನೆನಪಿಗೆ ಹೆಸರಿಟ್ಟು. ಹಿಡಿಯುವ ಕೈಯ ಬಗ್ಗೆ ಎಷ್ಟು ಕಾಳಜಿ ನೋಡ್ರಿ. ಪೇಪರಿನಲ್ಲಿ ಬಂದದ್ದು, ಚರ್ಚೆಯಾದದ್ದು ಎಲ್ಲಾ ಆ ಕೈಯ ಬಗ್ಗೆಯೇ. ಗುಂಡಿನ ಬಗ್ಗೆ ಯಾರೂ ಮಾತಾಡಲಿಲ್ಲ, ಗುಂಡಿನ ಬಗ್ಗೆ ಮಾತಾಡಿದರೆ ಎದುರಿನ ಮೈಯ ಬಗ್ಗೆ ಮಾತಾಡಬೇಕಾಗ್ತದೆ.

ಹಂಗಂತ ಅರಳುವ ಗುಂಡು ಕೆಟ್ಟದ್ದು, ಅಂಗಿ ತೊಟ್ಟದ್ದು ಒಳ್ಳೇದು ಅಂತ ತೀರ್ಪು ಕೊಡಲಿಕ್ಕೂ ಬರೋದಿಲ್ಲ. ಯುದ್ಧದಲ್ಲಿ ನಿಷೇಧವಾದದ್ದನ್ನ ಅಮೆರಿಕದ ಪೊಲೀಸರು ದಿನಾ ಸೊಂಟದಾಗ ಇಟ್ಟುಕೊಂಡು ತಿರುಗ್ತಾರೆ. ಅವರ ವಾದವೂ ತೆಗೆದು ಹಾಕುವಂಥದ್ದಲ್ಲ. ಸಂತೆಯೊಳಗೆ ಹಾರಿದ ಗುಂಡು ಒಬ್ಬನ ಮೈಯಿಂದ ಹೊರಬಿದ್ದು ಹಿಂದೆ ನಿಂತ ಕಾಯಿಪಲ್ಲೆಯವಳಿಗೆ ಬಡಿಯಬಾರದಲ್ಲ, ಮೊದಲನೆಯ ಮೈಯಲ್ಲೇ ನಿಂತರೆ ಒಬ್ಬರಾದರೂ ಉಳೀತಾರೆ. ಯುದ್ಧದಲ್ಲಿ ಗಾಯಾಳು ಬದುಕಲಿ ಅಂತ ಒಂದು ದಯೆ, ಊರಲ್ಲಿ ದಾರಿಹೋಕ ಬದುಕಲಿ ಅಂತ ಇನ್ನೊಂದು ದಯೆ. ಎರಡು ದಯೆಯಿಂದ ಎರಡು ತದ್ವಿರುದ್ಧ ಗುಂಡು ಹುಟ್ಟಿದವು. ಈ ಜಗಳ ಹೇಗ್‌ನಲ್ಲಿ ಶುರುವಾದದ್ದೂ ಅಲ್ಲ. ಮನುಸ್ಮೃತಿಯ ರಾಜಧರ್ಮದ ಭಾಗದಲ್ಲಿ ಮುಳ್ಳುಕಿವಿಯ ಬಾಣ, ವಿಷ ಸವರಿದ ಬಾಣ, ತುದಿಗೆ ಬೆಂಕಿ ಹಚ್ಚಿದ ಬಾಣ ಯುದ್ಧಕ್ಕೆ ಸಲ್ಲದು ಅಂತಿದೆ. ಮುಳ್ಳುಕಿವಿ ಅಂದ್ರೆ ಒಳಗೆ ಹೋಗೋದು ಸಲೀಸು, ಕೀಳೋದು ಕಷ್ಟ. ಬಾಣದ ಕಾಲಕ್ಕೂ ಮನುಷ್ಯನ ತಲಿ ಇದೇ ದಿಕ್ಕಿಗೆ ಓಡಿತ್ತು, ಮತ್ತೊಬ್ಬನ ತಲಿ ಅದನ್ನ ತಡೀಬೇಕು ಅಂದಿತ್ತು.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಜೈನರ ವಿಂಗಡಣೆ. ಸಂಸಾರಿಯ ಹಿಂಸೆಯನ್ನ ಅವರು ನಾಲ್ಕು ಬಗೆಯಾಗಿ ನೋಡ್ತಾರೆ. ಅಡಿಗೆ, ಕಸಗುಡಿಸೋದು, ಮನೆ ಕಟ್ಟೋದರಲ್ಲಿ ಆಗೋದು ಆರಂಭೀ. ಒಕ್ಕಲುತನ, ವ್ಯಾಪಾರದಂಥ ಕಸುಬಿನಲ್ಲಿ ಆಗೋದು ಉದ್ಯೋಗೀ. ಮೈಮೇಲೆ ಬಿದ್ದವನನ್ನ ತಡೆಯುವಾಗ ಆಗೋದು ವಿರೋಧೀ. ಕೊಲ್ಲಬೇಕು ಅಂತ ಮನಸ್ಸು ಮಾಡಿ ಕೊಲ್ಲೋದು ಸಂಕಲ್ಪೀ. ಮೊದಲ ಮೂರು ಸಂಸಾರಿಗೆ ಪೂರ್ತಿ ತಪ್ಪಿಸಲಿಕ್ಕೆ ಆಗದವು, ಕಡಿಮೆ ಮಾಡಬೇಕು. ಕೊನೇದನ್ನ ಬಿಡಲೇಬೇಕು. ಕಾಡತೂಸನ್ನ ಇದರ ಮೇಲೆ ಇಟ್ಟು ನೋಡ್ರಿ. ಚಾಕು ಹಿಡಿದು ಬಂದವನ ಎದುರು ಪೇದೆ ಹಾರಿಸಿದ್ದು ವಿರೋಧೀ. ಕಾರ್ಖಾನೆಯಲ್ಲಿ ಹಿತ್ತಾಳೆ ಕೊಳವೆ ತಿದ್ದುವ ಕಾರ್ಮಿಕನದು ಉದ್ಯೋಗೀ. ಸುಪಾರಿ ತಗೊಂಡು ಬೈಕ್ ಮೇಲೆ ಬಂದವನದು ಸಂಕಲ್ಪೀ. ಆದ್ರೆ ಮೇಜಿನ ಮುಂದೆ ಕೂತು, ಯಾರ ಮೇಲೂ ಸಿಟ್ಟಿಲ್ಲದೆ, ಚಹಾ ಕುಡೀತಾ, ಮೂಗಿನ ಕುಳಿ ಇನ್ನೂ ಅರ್ಧ ಮಿಲಿಮೀಟರ್ ಆಳವಾದರೆ ಮೈಯೊಳಗೆ ಎಷ್ಟು ಅರಳೀತು ಅಂತ ಲೆಕ್ಕ ಹಾಕುವವನದು? ಕಸುಬು ಅಂತ ಅವನು ಅಂದಾನು. ನನ್ನ ಮನಸ್ಸಿಗೆ ಅಲ್ಲಿ ಸಂಕಲ್ಪ ಕಾಣ್ತದೆ, ದ್ವೇಷ ಮಾತ್ರ ಇಲ್ಲ. ದ್ವೇಷ ಇಲ್ಲದ ಸಂಕಲ್ಪ ಹಗುರಾ ಅಂತ ಅನ್ನಿಸೋದು ಕೂತವನಿಗೆ, ಗುಂಡು ತಿಂದವನಿಗಲ್ಲ.

ನಮ್ಮ ಟೇಬಲ್ಲಿನಲ್ಲೂ ಒಂದು ಕಾಲಮ್ ಇತ್ತು, ಟಾರ್ಗೆಟ್ ಮೆಟೀರಿಯಲ್. ಅದರಲ್ಲಿ ಬರಬೇಕಾದದ್ದು ಜಿಲೆಟಿನ್. ಕ್ವಾರಿಯವರ ಜಿಲೆಟಿನ್ ಕಡ್ಡಿ ಅಲ್ಲ ಮತ್ತೆ; ದನ, ಹಂದಿಯ ತೊಗಲು ಎಲುಬಿನಿಂದ ತೆಗೆಯೋ ಅಂಟು, ಜೆಲ್ಲಿ ಮಿಠಾಯಿಗೆ ಹಾಕೋದು. ಶೇಕಡಾ 10ರ ಪಾಕ ಮಾಡಿ ತಣ್ಣಗೆ ಗಟ್ಟಿಯಾಗಿಸಿದರೆ ಅದು ಮನುಷ್ಯನ ಮಾಂಸದ ಬದಲಿಗೆ ನಿಲ್ತದೆ. ಅಮೆರಿಕದ ಎಫ್‌ಬಿಐ ಲೆಕ್ಕದಲ್ಲಿ ಗುಂಡು ಈ ಜೆಲ್ಲಿಯೊಳಗೆ 12 ಇಂಚಿಗಿಂತ ಕಡಿಮೆ ಹೋಗಬಾರದು, 18 ದಾಟಬಾರದು. ಹನ್ನೆರಡು ಯಾಕಂದ್ರೆ ತೋಳು ಅಡ್ಡ ಬಂದರೂ ಹೃದಯ ಮುಟ್ಟಬೇಕು. ಇಷ್ಟೂ ಆ ಕಾಲಮ್ಮಿನೊಳಗೆ ಇದೆ, ಕಾಣೋದು ಮಾತ್ರ ಒಂದು ಶಬ್ದ.

ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಮುಂದೆ ಇದನ್ನ ಹೇಳಿದೆ. ಟೇಬಲ್ ಮಾಡುವವನಿಗೂ ಹಾರಿಸುವವನಿಗೂ ಸಂಬಂಧ ಇಲ್ಲ, ನಡುವೆ ಹತ್ತು ಮಂದಿ ಇರ್ತಾರ ಅಂತ ನನ್ನ ಜೊತೆಗಾರನೊಬ್ಬ ಅಂದದ್ದನ್ನೂ ಹೇಳಿದೆ. ಅಪ್ಪ ಎಲಿಗೆ ಸುಣ್ಣ ಹಚ್ಚಿಕೋತ ಅಂದ: "ತಮ್ಮಾ, ಬೀಜಾ ಮಾರಾಂವ ಪೀಕಿಗೆ ನಾ ಜವಾಬ್ದಾರ ಅಲ್ಲ ಅಂತಾನ. ಖರೆ ಅದ, ಮಳಿ ಅವನ ಕೈಯಾಗ ಇಲ್ಲ. ಆದ್ರ ಹತ್ತಿ ಬೀಜಾ ಕೊಟ್ಟು, ಜ್ವಾಳ ಬರತದೋ ಹತ್ತಿ ಬರತದೋ ನನಗ ಗೊತ್ತಿಲ್ಲ ಅಂದ್ರ ನಡೀತದೇನು?"

ನಾನು ಆ ಕೆಲಸ ಬಿಡಲಿಲ್ಲ. ಕಾಲಿಗೆ ಗುಂಡೇಟು ಅನ್ನೋ ಸುದ್ದಿ ನಮ್ಮ ಅವಳಿ ನಗರದಲ್ಲೂ ಆಗಾಗ ಬರ್ತದೆ, ಕಾಲು ಅನ್ನೋದು ಓಡಾಡೋ ಗುರಿ. ಅಭ್ಯಾಸ ಇಲ್ಲದ ಕೈ ಕಾಲಿಗೆ ಹಿಡಿದದ್ದು ಎಲ್ಲಿಗೆ ಬಡೀತದೋ. ಪರದೆಯ ಮುಂದೆ ನೂರು ಸಲ ಹಾರಿಸದೇ ಇರೋದನ್ನ ಕಲಿತ ಪೇದೆ ಬೀದಿಯಲ್ಲಿ ಒಂದು ಸಲ ಕಡಿಮೆ ಹಾರಿಸಿಯಾನು ಅಂತ ನನ್ನ ನಂಬಿಕೆ. ನಾನು ಕೇಳಿದ್ದು ಒಂದೇ: ಪರದೆಯ ಮೇಲಿನ ಆರೋಪಿಯ ಹಿಂದೆಯೂ ಜನ ಇರಲಿ. ಸಂತೆ ಚೀಲ ಹಿಡಿದವಳು, ಸೈಕಲ್ ಹುಡುಗ, ಚಹಾದಂಗಡಿ. ಗುಂಡು ಬಡೀತೋ ಇಲ್ಲೋ ಅಷ್ಟೇ ಅಲ್ಲ, ಎಲ್ಲಿ ನಿಂತಿತು ಅನ್ನೋದಕ್ಕೂ ಅಂಕ ಕೊಡೋಣ. ರಿಕ್ವೈರ್‌ಮೆಂಟಿನಲ್ಲಿ ಇಲ್ಲವಲ್ಲಾ ಅಂದ್ರು ಮೊದಲು. ಈಗ ಎರಡನೇ ಹಂತದ ಪಟ್ಟಿಯಲ್ಲಿ ಸೇರಿದೆ.

ಕಾನೂನೂ ಗುಂಡಿನ ಅಳತೆಯಲ್ಲೇ ನೀತಿಯ ಗೆರೆ ಎಳೀತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ನಮ್ಮಲ್ಲಿ 9 ಎಂಎಂ ನಿಷೇಧಿತ ಅಳತೆ, ಸಾಮಾನ್ಯ ಲೈಸನ್ಸಿನವರಿಗೆ ಇಲ್ಲ. ಪಾಯಿಂಟ್ 32 ಸಿಗ್ತದೆ. ಸೈನ್ಯದ್ದು ಸೈನ್ಯಕ್ಕೆ, ಬಡಪಾಯಿ ಗುಂಡು ನಾಗರಿಕರಿಗೆ. ಆಡಳಿತದ ಲೆಕ್ಕಕ್ಕೆ ಸರಿ ಇರಬಹುದು. ಆದ್ರೆ ನಾನು ಕೂತ ರಾಯಾಪುರದಿಂದ ಚಿಗರಿ ಬಸ್ ಹತ್ತಿದರೆ ಸ್ವಲ್ಪ ಹೊತ್ತಿಗೆ ಧಾರವಾಡ, ಅಲ್ಲಿ ಕಲ್ಯಾಣನಗರ. 2015ರ ಆಗಸ್ಟ್ 30, ಭಾನುವಾರ ಬೆಳಿಗ್ಗೆ, 76 ವರ್ಷದ ಎಂ.ಎಂ. ಕಲಬುರ್ಗಿಯವರನ್ನ ಅವರ ಮನೆಯಲ್ಲೇ ಕೊಂದದ್ದು ಇದೇ 7.65. ಮೇಷ್ಟ್ರಿಗೂ ಪಿಸ್ತೂಲಿಗೂ ನಡುವೆ ಇದ್ದ ಅಂತರದಲ್ಲಿ 175 ಜೂಲ್, 480 ಜೂಲ್ ಅನ್ನೋ ಫರಕಿಗೆ ಅರ್ಥ ಇರಲಿಲ್ಲ.

ಎರಡು ವರ್ಷದ ಮೇಲೆ, 2017ರ ಸೆಪ್ಟೆಂಬರ್ 5ರಂದು, ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಗೌರಿ ಲಂಕೇಶ್ ಅವರನ್ನ ಅವರ ಮನೆ ಮುಂದೆ ಕೊಂದರು. ಎರಡೂ ಕಡೆ ಸಿಕ್ಕ ಗುಂಡು, ಕಾಡತೂಸುಗಳನ್ನ ವಿಧಿವಿಜ್ಞಾನ ಪ್ರಯೋಗಾಲಯದವರು ಹೋಲಿಸಿ ನೋಡಿ, ಇವು ಒಂದೇ ನಾಡ ಪಿಸ್ತೂಲಿನಿಂದ ಹಾರಿದವು ಅಂತ ವರದಿ ಕೊಟ್ಟರು. ಈಗ ಆ ಗೀರುಗಳ ಸುದ್ದಿ. ನಳಿಕೆ ಗುಂಡಿನ ಮೈಮೇಲೆ ಗೆರೆ ಕೊರೆದಂಗೆ ಪಿಸ್ತೂಲಿನ ಮೊಳೆ ಕೊಳವೆಯ ತಳದ ಮೇಲೆ ಒಂದು ಕುಳಿ ಒತ್ತಿರ್ತದೆ. ಒಂದೊಂದು ಮೊಳೆಯ ಸವಕಳಿ ಒಂದೊಂದು ನಮೂನಿ, ಕುಳಿಯ ಅಂಚೂ ಹಂಗೇ. ಎರಡು ಕೊಳವೆಗಳನ್ನ ಜೋಡಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಒಂದರ ಅರ್ಧ, ಇನ್ನೊಂದರ ಅರ್ಧ ಸೇರಿಸಿ ಒಂದೇ ಚಿತ್ರವಾಗಿ ನೋಡ್ತಾರೆ. ಗೆರೆ ಕೂಡಿದರೆ ಕೂಡಿತು.

ಕಲಬುರ್ಗಿಯವರು ಜೀವಮಾನವಿಡೀ ಮಾಡಿದ್ದು ಹತ್ತಿರ ಹತ್ತಿರ ಇದೇ ಕೆಲಸ. ಕವಿರಾಜಮಾರ್ಗದ ಕಾಲದ ಸಾಹಿತ್ಯದ ಮೇಲೆ ಡಾಕ್ಟರೇಟ್ ಮಾಡಿದವರು, ಶಾಸನಗಳಲ್ಲಿ ಶಿವಶರಣರನ್ನ ಹುಡುಕಿದವರು. ಸವೆದ ಕಲ್ಲಿನ ಮೇಲಿನ ಗೀರನ್ನ ಇನ್ನೊಂದು ಊರಿನ ಕಲ್ಲಿನ ಗೀರಿನ ಜೊತೆ ಇಟ್ಟು, ಇದು ಅವನದೇ, ಇದು ಆ ಕಾಲದ್ದೇ ಅಂತ ಹೇಳುವ ಕಸುಬು. ಶಾಸನದಲ್ಲಿ ಸಾಮಾನ್ಯವಾಗಿ ಎಲ್ಲಾ ಇರ್ತದೆ: ಕೊಟ್ಟವರು ಯಾರು, ಯಾರಿಗೆ ಕೊಟ್ಟರು, ಯಾವ ತಿಥಿ, ಸಾಕ್ಷಿ ಯಾರು, ಕೊನೆಗೆ ತಪ್ಪಿದವರಿಗೆ ಶಾಪ. ಕಾಡತೂಸಿನ ತಳದಲ್ಲೂ ಅಕ್ಷರ ಇರ್ತವೆ. ಖಡಕಿಯ ಸರ್ಕಾರಿ ಕಾರ್ಖಾನೆಯದಾದರೆ ಕೆಎಫ್ ಅಂತ, ಪಕ್ಕದಲ್ಲಿ ಅಳತೆ. ಕೊಟ್ಟವರ ಗುರುತು, ಕೊಟ್ಟದ್ದರ ಲೆಕ್ಕ. ಯಾರಿಗೆ ಅನ್ನೋ ಜಾಗ ಇರೋದಿಲ್ಲ.

ಕೊಲೆಯಾದ ಮೇಲೆ ಅದೇ ಕೊಳವೆ ಮುದ್ದೆಮಾಲು ಆಗ್ತದೆ. ಪಂಚರ ಮುಂದೆ ಎತ್ತಿ, ಪೊಟ್ಟಣ ಕಟ್ಟಿ, ಅರಗಿನ ಮುದ್ರೆ ಒತ್ತಿ, ಮೇಲೆ ಚೀಟಿ ಅಂಟಿಸ್ತಾರೆ. ಚೀಟಿಯ ಮೇಲೆ ಠಾಣೆಯ ಹೆಸರು, ಪ್ರಕರಣದ ನಂಬರ್, ತಾರೀಖು, ಪಂಚರ ಸಹಿ. ಸತ್ತವರ ಹೆಸರು ಅದರ ಸಂಗಡದ ಪಂಚನಾಮೆಯಲ್ಲಿ ಬರ್ತದೆ. ಅದನ್ನ ಬರೆಯೋರು ಠಾಣೆಯ ರೈಟರ್.